ಹದಿನಾಲ್ಕಾಣೆ

ಕಸ್ಟಮ್ಸಿನಲ್ಲಿ ಮೂವತ್ತೊಂದು ವರ್ಷ
ಪರರ ಪೆಟ್ಟಿಗೆ ಬಿಚ್ಚಿದವನು ನಾನು.
ಈಗ ಕೋಡಿಬಾಗದ ಈ ಮಹಡಿಯಲ್ಲಿ ಕೂತು
ರಶಿಯಾದ ಬೆಳ್ಳಿಯ ಸಿಗರೇಟು ಡಬ್ಬಿಗಳನ್ನು
ತೆರೆದು ಮುಚ್ಚಿ ತೆರೆಯುತ್ತೇನೆ.
ಸಿಗರೇಟು ಬಿಟ್ಟು ಹದಿನೆಂಟು ವರ್ಷವಾಯಿತು.

ಹನ್ನೊಂದಿವೆ. ನಾಲ್ಕು ನಿಜ.
ಉಳಿದ ಏಳನ್ನು ಯಾರಿಗೂ ತೋರಿಸುವುದಿಲ್ಲ,
ಮಾರುವುದೂ ಇಲ್ಲ;
ಮೋಸಹೋದದ್ದಕ್ಕೆ ರಸೀತಿ ಅವು.

ದೋಣಿಗಳೆಲ್ಲ ದಡಕ್ಕೆ ಬಿದ್ದಿದ್ದ ಜೂನಿನಲ್ಲಿ
ಬೈತಖೋಲದಿಂದ ಬಂದಳು ಶೇವಂತಿ ಹರಿಕಂತ್ರ.
ಸೆರಗಿನ ಗಂಟಿನಿಂದ ತೆಗೆದದ್ದು
ಅಂಗೈ ತುಂಬುವಷ್ಟು ಬೆಳ್ಳಿ: ಸುಕ್ಕುಸುಕ್ಕಾದ ಮೈ,
ಕಾದು ಇನ್ನೇನು ಕರಗಬೇಕು ಎನ್ನುವಾಗ
ಬೆಂಕಿಯಿಂದ ಕಿತ್ತುಕೊಂಡ ಹಾಗೆ.
ಮೇಲೆ ಬಂಗಾರದ್ದೊಂದು ಎರಡು ತಲೆಯ ಹದ್ದು,
ಒತ್ತುವ ಗುಂಡಿಗೆ ನೀಲದ ಹರಳು.
"ಸರಕಾರಿ ಬಸ್ಸಿನ ಹಕ್ಕಿ ಅಲ್ಲವಾ ಇದು?" ಎಂದಳು.
ಒಳಗೆ ಮೀನಿನ ಗಾಳಗಳು.
ಒಂದೊಂದೇ ಎಣಿಸಿ ನನ್ನ ಮೇಜಿನ ಮೇಲಿಟ್ಟಳು.

ಬೇಲೇಕೇರಿಯಲ್ಲಿ ಅದಿರಿನ ಬಾರ್ಜಿನಲ್ಲಿದ್ದ ಗಂಡ ಜಟ್ಟಿಗೆ
ರಶಿಯನ್ ಹಡಗಿನ ಅಡುಗೆಯವನೊಬ್ಬ ಕೊಟ್ಟದ್ದಂತೆ:
ಅಜ್ಜನದು, ಅಜ್ಜ ಚಕ್ರವರ್ತಿಯ ದಂಡಿನಲ್ಲಿದ್ದ,
ಎಂದು ಕೈಸನ್ನೆಯಲ್ಲೇ ಹೇಳಿ, ಎದೆ ಮುಟ್ಟಿಕೊಂಡು,
ಕಣ್ಣೀರನ್ನೂ ಹಾಕಿ.

ಮಸೂರ ಕಣ್ಣಿಗೊತ್ತಿದೆ.
ಅಂಚಿನಲ್ಲಿ ಎಂಬತ್ತನಾಲ್ಕು.
ಅವರ ಲೆಕ್ಕದಲ್ಲಿ ತೊಂಬತ್ತಾರು ಅಂದರೆ ಪೂರ್ತಿ;
ನಮ್ಮ ಹಳೆಯ ಲೆಕ್ಕಕ್ಕೆ, ರೂಪಾಯಿಯಲ್ಲಿ
ಹದಿನಾಲ್ಕಾಣೆ ಬೆಳ್ಳಿ, ಎರಡಾಣೆ ತಾಮ್ರ.
ಪಕ್ಕದಲ್ಲಿ ಎಳ್ಳಿನಷ್ಟು ಒಂದು ಹೆಣ್ಣಿನ ತಲೆ,
ಹಣೆಯ ಮೇಲೆ ಎತ್ತರದ ಮುಡಿಪಟ್ಟಿ.
ಆಕೆ ಎಡಕ್ಕೆ ನೋಡಿದರೆ ಒಂದು ಕಾಲ,
ಬಲಕ್ಕೆ ನೋಡಿದರೆ ಅದರ ನಂತರದ್ದು.
ಇವಳು ಬಲಕ್ಕೆ ನೋಡುತ್ತಿದ್ದಳು.
ಮುಚ್ಚಳದೊಳಗೆ ಕೊರೆದ ಇಸವಿಯೋ
ಸಾವಿರದ ಎಂಟುನೂರ ತೊಂಬತ್ಮೂರು,
ಆ ತಲೆ ಬಲಕ್ಕೆ ಹೊರಳುವುದಕ್ಕೆ ಹದಿನೈದು ವರ್ಷ ಮೊದಲು!
ಮೂಗಿನ ಅಂಚೂ ಮೊಂಡು, ಸವೆದ ಸಾಬೂನಿನ ಹಾಗೆ.
ಉಕ್ಕಿನ ಅಚ್ಚು ಕುಟ್ಟಿದ ಗಾಯವಲ್ಲ ಇದು;
ನಿಜವಾದ ಯಾವುದೋ ಡಬ್ಬಿಯನ್ನು ಮಣ್ಣಿಗೊತ್ತಿ
ಸುಕ್ಕು ಸಮೇತ ತೆಗೆದ ಎರಕ.

ಬಿಜಾಗರಿಯ ಬುಡದಲ್ಲಿ ಸಣ್ಣಗೆ ಗೀರಿ
ಒಂದು ಹನಿ ಆಮ್ಲ ಬಿಟ್ಟೆ.
ಕಿತ್ತಳೆ ಬಣ್ಣದ ಹನಿ ರಕ್ತವಾಯಿತು.
ಹೇಳಿದೆ: ಬೆಳ್ಳಿ ನಿಜ. ಮುದ್ರೆ ಸುಳ್ಳು, ಇಸವಿ ಸುಳ್ಳು,
ಹರಳು ಗಾಜು.
ಅಜ್ಜ ಇದ್ದಿರಬಹುದು, ಚಕ್ರವರ್ತಿ ಇಲ್ಲ.
ಬೇಕಾದರೆ ತೂಕದ ಬೆಲೆ ಕೊಡುತ್ತೇನೆ.

ಅಳುತ್ತಾಳೇನೋ ಎಂದು ನೀರಿನ ಲೋಟ ಹತ್ತಿರ ಸರಿಸಿದ್ದೆ.
ಶೇವಂತಿ ನಗತೊಡಗಿದಳು,
ಮೇಜಿನ ಮೇಲಿನ ಗಾಳಗಳೆಲ್ಲ ಗಿಲಗುಟ್ಟುವ ಹಾಗೆ.
"ನಮ್ಮವರು ಬದಲಿಗೆ ಕೊಟ್ಟದ್ದು ಎರಡು ಬಾಟ್ಲಿ ಗೇರು ಫೆನ್ನಿ.
ಅಪ್ಪಟ ಅಂತ ದೇವರ ಆಣೆ ಬೇರೆ ಹಾಕಿದ್ರು.
ಅರ್ಧಕ್ಕರ್ಧ ನೀರು ಬೆರೆಸಿದವಳು ನಾನೇ.
ನಮ್ಮದು ಎಂಟಾಣೆ, ಅವನದು ಹದಿನಾಲ್ಕು.
ಲಾಭ ನಮ್ಗೇ ಆಯ್ತಲ್ಲ, ಸಾಹೇಬ್ರೆ."

ತೂಕದ ಬೆಲೆಗೆ ಅವಳು ಒಪ್ಪಲಿಲ್ಲ.
ಲಕ್ಷ ಬರ್ತದೆ ಅಂದಿದ್ದ ಮಗ, ಅದಕ್ಕೇ ತಂದೆ;
ಇಲ್ಲದಿದ್ದರೆ ಇದರಷ್ಟು ಗಟ್ಟಿ ಮುಚ್ಚುವ ಡಬ್ಬಿ ಎಲ್ಲಿ,
ಇಷ್ಟು ವರ್ಷದಲ್ಲಿ ಒಂದು ಗಾಳಕ್ಕೂ ತುಕ್ಕು ಹತ್ತಲಿಲ್ಲ, ಎಂದು
ಮತ್ತೆ ಎಣಿಸಿ ತುಂಬಿದಳು.
ಟಕ್. ಆ ಸದ್ದು ನನ್ನ ನಾಲ್ಕು ನಿಜಗಳಲ್ಲಿ
ಎರಡಕ್ಕೆ ಮಾತ್ರ ಇದೆ.

ಅಂದು ರಾತ್ರಿ ಕಪಾಟು ತೆಗೆದು
ಏಳರಲ್ಲೊಂದನ್ನು ಹೊರಗಿಟ್ಟುಕೊಂಡೆ,
ಒರೆಸಿ, ಬಿ.ಪಿ. ಮಾತ್ರೆ ತುಂಬಿದೆ.
ಮುಚ್ಚಳ ಸರಿಯಾಗಿ ಕೂರುವುದಿಲ್ಲ.
ಎಡಗಡೆ ಹೆಬ್ಬೆಟ್ಟಿನಿಂದ
ಇನ್ನೊಮ್ಮೆ ಒತ್ತಬೇಕು.