ತ್ರೀ ಫೇಸ್ ಬಂದ ರಾತ್ರಿ

ಹಗಲೆಲ್ಲ ರಾಗಿ ಬೀಸುವ ಗಿರಣಿ, ರಾತ್ರಿ ನಮ್ಮದು.
ಮಂಡ್ಯದ ಗುತ್ತಲು ರಸ್ತೆ, ಟೈರಿನಂಗಡಿಯ ಹಿಂದೆ.
ಗೋಡೆಗೆ ಮೊಟ್ಟೆಯ ಟ್ರೇ ಮೆತ್ತಿದ್ದೆವು,
ಕಿಟಕಿಗೆ ಇಮ್ತಿಯಾಜನ ಅತ್ತಿಗೆ ಕೊಟ್ಟ ಹಳೇ ಹಾಸಿಗೆ.
ಡ್ರಮ್ಮಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಹಿಟ್ಟು.
ಮೊದಲ ಏಟಿಗೇ ಅದು ಎದ್ದು
ಬಲ್ಬಿನ ಸುತ್ತ ನಿಲ್ಲುತ್ತಿತ್ತು,
ಟಿಕೆಟ್ಟಿಲ್ಲದೆ ಕೇಳಲು ಬಂದವರ ಹಾಗೆ.

ಒಂದೂ ಹತ್ತಕ್ಕೆ ತ್ರೀ ಫೇಸ್ ಬಂತು.
ಬಯಲಿನ ಪಂಪುಗಳೆಲ್ಲ ಒಟ್ಟಿಗೆ ಕೆಮ್ಮಿ ಎದ್ದವು.
ಹೊರಗಿನ ಟ್ರಾನ್ಸ್‌ಫಾರ್ಮರು ಗುಂಯ್ ಅಂದಿತು.
ಗೋಡೆಯಿಂದ ತಂತಿಗೆ, ತಂತಿಯಿಂದ ಮೈಕಿಗೆ ಆ ಗುಂಯ್.
ಶಿವನಂಜ ಗಿಟಾರ್ ಬಿಟ್ಟು ಬೈದ: ಕೆಟ್ಟೋಯ್ತಲ್ಲಾ ಟೇಕು!
ಜಯಶೀಲ ಕಣ್ಣು ತೆರೆಯಲಿಲ್ಲ.
ಅದನ್ನೇ ತಂಬೂರಿ ಮಾಡಿಕೊಂಡು
ಅರ್ಧ ಸ್ವರ ಕೆಳಗಿಳಿದು ಹಾಡಿದಳು.
ನಾನು ಬೇಸಿನ ದಪ್ಪ ತಂತಿಯನ್ನು
ಅವಳ ಹಿಂದೆಯೇ ಸಡಿಲಿಸಿದೆ,
ಬಾವಿಗೆ ಹಗ್ಗ ಬಿಟ್ಟಂತೆ.

ಮೂರು ನಿಮಿಷ, ನಲವತ್ತು ಸೆಕೆಂಡು.
ಕೊನೆಯಲ್ಲೊಂದು ನಾಯಿ ಬೊಗಳಿದೆ.
ಅದನ್ನು ತೆಗೆಯುವುದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಯಾರು ಹಂಚಿದರೋ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ.
ಮೊದಲು ಕಬ್ಬಿನ ಟ್ರ್ಯಾಕ್ಟರುಗಳು:
ಕಾರ್ಖಾನೆ ಗೇಟಿನ ಮುಂದೆ ಮೈಲುದ್ದದ ಸಾಲು,
ಬೀಡಿ ಕಿಡಿ, ಕಾಕಂಬಿ ವಾಸನೆ,
ಹದಿನೆಂಟು ಇಂಚಿನ ಬಾಕ್ಸುಗಳಲ್ಲಿ ನಮ್ಮದೇ ಹಾಡು,
ಒಂದರಲ್ಲಿ ಶುರು, ಇನ್ನೊಂದರಲ್ಲಿ ಆಗಲೇ ನಡುಮಧ್ಯ,
ಊರು ತನಗೆ ತಾನೇ ಓಗೊಟ್ಟ ಹಾಗೆ.
ಆಮೇಲೆ ಮೈಸೂರಿನ ರಾತ್ರಿ ರೇಡಿಯೊ.
ಆಮೇಲೆ ಜಿಲ್ಲಾಸ್ಪತ್ರೆಯ ನರ್ಸೊಬ್ಬಳ ಚೀಟಿ:
‘ಹನ್ನೊಂದನೇ ವಾರ್ಡಿನ ಅಜ್ಜನಿಗೆ ನಿದ್ದೆ ಹತ್ತೋದು ಇದಕ್ಕೇ.’
ರಾಕ್ ಹಾಡಿಗೆ ಇದು ಹೊಗಳಿಕೆಯೋ ಬೈಗುಳವೋ,
ಇವತ್ತಿಗೂ ಜಗಳ ಇದೆ ನಮ್ಮಲ್ಲಿ.

ದುಡ್ಡೂ ಬಂತು. ಇಮ್ತಿಯಾಜ್ ಹಲ್ಲು ಕಟ್ಟಿಸಿಕೊಂಡ.
ಮಗಳ ಜತೆ ಮೂರು ತಿಂಗಳು ಮಾತು ಬಿಟ್ಟಿದ್ದ ಜಯಶೀಲಳಪ್ಪ
ಕಟಿಂಗ್ ಶಾಪಿನಲ್ಲಿ, ಅರ್ಧ ಗಡ್ಡದಲ್ಲಿ ಎದ್ದು,
‘ಸೌಂಡ್ ಕೊಡ್ಲಾ’ ಅಂದನಂತೆ.

ಎರಡನೆಯದಕ್ಕೆ ಮೈಸೂರಿಗೆ ಹೋದೆವು.
ಸರಸ್ವತಿಪುರಂ. ಗಾಜಿನ ಕೋಣೆ, ಚಪ್ಪಲಿ ಹೊರಗೆ.
‘ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಒಳಗೆ ಕೇಳಲ್ಲ’
ಎಂದು ಬೀಗಿದ ಎಂಜಿನಿಯರು.
ನಿಜ. ಏನೂ ಕೇಳಲಿಲ್ಲ.
ಜಯಶೀಲ ಹೆಡ್‌ಫೋನು ತೆಗೆದು, ಹಾಕಿ, ಮತ್ತೆ ತೆಗೆದು
‘ನನ್ ಶ್ರುತಿ ಎಲ್ಲಿ?’ ಅಂದಳು.
ಅವನು ಕಂಪ್ಯೂಟರಿನಲ್ಲಿ ಗುಂಯ್ ಹುಡುಕಿದ. ನೂರಾರಿದ್ದವು.
ಯಾವುದರ ಅಡಿಯಲ್ಲೂ ನೀರು ಹರಿಯುತ್ತಿರಲಿಲ್ಲ.

ಈಗ ನಮ್ಮ ಫೀಡರಿಗೆ ತ್ರೀ ಫೇಸ್ ಹಗಲು ಹೊತ್ತು.
ಗಿರಣಿ ನಾನೇ ನೋಡಿಕೊಳ್ಳುತ್ತೇನೆ.
ಮೊನ್ನೆ ರಾಗಿ ತಂದ ಹುಡುಗನ ಫೋನು ರಿಂಗಾಯಿತು, ಅದೇ ಹಾಡು.
ಎತ್ತಬೇಡ ಎಂದು ಕೈಸನ್ನೆ ಮಾಡಿದೆ.
ನಾಯಿ ಬರುವ ಮೊದಲೇ ಕಟ್ಟಾಯಿತು.
ಹುಡುಗ ನನ್ನ ಮುಖ ನೋಡುತ್ತ ನಿಂತ.
ನಾನೇ ಬೊಗಳಿದೆ.
ಮೋಟಾರಿನ ಸದ್ದಿನಲ್ಲಿ ಉಳಿದವರಿಗೆ
ಕೇಳಿಸಿಲ್ಲ ಅಂದುಕೊಂಡಿದ್ದೇನೆ.