ನೂರಾ ಹದಿನಾಲ್ಕು ಪ್ರಶ್ನೆ

ವಾರವೆಲ್ಲ ಆಸ್ಪತ್ರೆಯಲ್ಲಿ ಎದೆಗೂಡುಗಳ ಚಿತ್ರ ತೆಗೆಯುತ್ತೇನೆ,
ಉಸಿರೆಳೆದುಕೊಳ್ಳಿ, ಹಿಡಿಯಿರಿ, ಬಿಡಿ.
ಗುರುವಾರ ರಜೆ. ಗುರುವಾರ
ಕ್ಯಾಂಬೋರ್ನಿನ ಹಳೆ ಲೈಬ್ರರಿಯ ನೆಲಮಾಳಿಗೆಯಲ್ಲಿ
ಹತ್ತಿಯ ಕೈಗವಸು ತೊಟ್ಟು
ಸತ್ತವರ ಕಾಗದಗಳಿಗೆ ನಂಬರು ಹಾಕುತ್ತೇನೆ.

ಈ ಸಲ ಸಿಕ್ಕಿದ್ದು ಒಂದು ಟಿಪ್ಪಣಿ ಪುಸ್ತಕ.
ಅನ್ಸೆಲ್ಮ್ ವೆರ್ದಿಯೆ, ಪ್ಯಾರಿಸ್ಸಿನ ಕಾದಂಬರಿಕಾರ,
ಸಾವಿರದೆಂಟುನೂರ ಎಂಬತ್ತೊಂದರ ಮಾರ್ಚಿಯಲ್ಲಿ
ತವರದ ಗಣಿ ನೋಡಲು ಹಡಗು ಹತ್ತಿ ಬಂದವನು.
ಕಲ್ಪನೆಯೆಂದರೆ ಅವನಿಗೆ ಆಗದು.
ವೈದ್ಯ ನಾಡಿ ಹಿಡಿದ ಹಾಗೆ ಊರನ್ನು ಹಿಡಿಯಬೇಕು;
ಮನುಷ್ಯನೆಂದರೆ ರಕ್ತ ಮತ್ತು ಬೀದಿ, ಎರಡರ ಮೊತ್ತ
ಎಂದು ಮೊದಲ ಪುಟದಲ್ಲೇ ಅಡಿಗೆರೆ ಎಳೆದಿದ್ದಾನೆ.

ಫ್ರೆಂಚು ನನಗೆ ಅರ್ಧಂಬರ್ಧ. ಅಂಕಿಗಳಿಗೆ ಭಾಷೆ ಬೇಕಿಲ್ಲ.
ರೊಟ್ಟಿಯ ಬೆಲೆ. ಮೇಣದ ಬತ್ತಿಯ ತೂಕ.
ಏಣಿಗೆಷ್ಟು ಮೆಟ್ಟಿಲು, ಎಷ್ಟನೆಯದರಲ್ಲಿ ಮೊಣಕಾಲು ನಡುಗಿತು.
ಒಂದು ಮನೆಗೆ ಎಷ್ಟು ಜನ, ಎಷ್ಟು ಚಮಚ.
ಬಾವಿಯ ನೀರಿನ ರುಚಿ: ಕಬ್ಬಿಣ.
ಕಫದ ಬಣ್ಣ.

ಅಲ್ಲಿಗೆ ಪೆನ್ಸಿಲು ಕೆಳಗಿಟ್ಟೆ.
ನಮ್ಮ ತಾತ ಚಾಂಪಿಯನ್ ರೀಫಿನಲ್ಲಿ ಮೂವತ್ತೊಂದು ವರ್ಷ,
ಈ ಊರಿನಿಂದಲೇ ಬಂದ ದೊರೆಗಳ ಕೈಕೆಳಗೆ
ಚಿನ್ನಕ್ಕಾಗಿ ಕಲ್ಲು ಕೊರೆದವನು.
ಸೈನೈಡ್ ಗುಡ್ಡದಿಂದ ಬಿಳಿ ದೂಳು ಎದ್ದ ಸಂಜೆ
ಹಿತ್ತಿಲಿಗೆ ಹೋಗಿ ಉಗಿದು, ಮಣ್ಣು ಮುಚ್ಚಿ ಬರುತ್ತಿದ್ದ.
ಆ ಬಣ್ಣ ಯಾರೂ ಬರೆದುಕೊಳ್ಳಲಿಲ್ಲ.
ಬರೆದುಕೊಳ್ಳಲು ಬಂದಿದ್ದರೆ ಅಜ್ಜಿ ಪೊರಕೆ ಹಿಡಿಯುತ್ತಿದ್ದಳು.

ಮುಂದಿನ ಪುಟಗಳ ತುಂಬ ಒಬ್ಬಳೇ:
ಲವ್ಡೇ ಟ್ರೆಂಬಾತ್, ಹತ್ತೊಂಬತ್ತು ವರ್ಷ,
ಗಣಿಯ ಬಾಯಲ್ಲಿ ನಿಂತು ಅದಿರು ಒಡೆಯುವವಳು.
ಸುತ್ತಿಗೆಯ ತೂಕ. ತೋಳಿನ ಸುತ್ತಳತೆ.
ಅಪ್ಪ ಕುಡಿಯುತ್ತಿದ್ದನೆ? ಅಪ್ಪನ ಅಪ್ಪ?
ತಿಂಗಳಲ್ಲಿ ಎಷ್ಟು ದಿನ ಹಸಿವು?
ಚಾಪೆಲ್ಲಿನ ಮೇಷ್ಟರು ನಡುವೆ ನಿಂತು
ಕಿವಿ ಕೆಂಪಗೆ ಮಾಡಿಕೊಂಡು ಅನುವಾದಿಸಿದರಂತೆ.

ಆಮೇಲೆ ಪುಟ ನಲವತ್ತೇಳು.
ಇದು ಅವನ ಕೈಬರಹವಲ್ಲ.
ಭಾನುವಾರದ ಶಾಲೆಯ ಒರಟು ಇಂಗ್ಲಿಷು.
ಪೆನ್ಸಿಲು ಎಷ್ಟು ಒತ್ತಿದ್ದಾಳೆಂದರೆ
ಹಿಂದಿನ ಮೂರು ಹಾಳೆಗಳ ಮೇಲೂ ಅಚ್ಚು ಬಿದ್ದಿದೆ:

'ಸಾಹೇಬರು, ಒಬ್ಬರು. ವಯಸ್ಸು ನಲವತ್ತರ ಮೇಲೆ.
ಬೂಟು ಹೊಸದು, ಎಡಗಾಲಿನದು ಕಚ್ಚುತ್ತದೆ.
ಗಣಿಯಿಂದ ಮೇಲೆ ಬಂದಾಗ ಮುಖ ಹಿಟ್ಟಿನ ಬಣ್ಣ.
ಕೈ ಮೆತ್ತಗೆ, ಹಸು ಕರೆದದ್ದೂ ಇಲ್ಲ.
ನನ್ನ ಬುತ್ತಿಯ ಪೇಸ್ಟಿಯಲ್ಲಿ ಅರ್ಧ ತಿಂದರು.
ಪ್ರಶ್ನೆ ನೂರಾ ಹದಿನಾಲ್ಕು, ಎಣಿಸಿದ್ದೇನೆ.
ನಿನಗೇನು ಇಷ್ಟ ಅಂತ ಒಂದು ಸಲವೂ ಕೇಳಲಿಲ್ಲ.
ಇವರ ಅಪ್ಪ ಕುಡಿಯುತ್ತಿದ್ದರೋ, ತಿಳಿಯದು.
ಅದನ್ನು ಕೇಳಿಕೊಡಲು ಮೇಷ್ಟರು ಒಪ್ಪಲಿಲ್ಲ.'

ಅಡಿಯಲ್ಲಿ ಅವನ ಶಾಯಿ, ಒಂದೇ ಸಾಲು,
ನಿಘಂಟು ಹಿಡಿದು ಬಿಡಿಸಿದೆ:
'ಸರಿಯಾಗಿದೆ. ಬೂಟು ಕಚ್ಚುತ್ತದೆ.'

ಆದರೂ ಕಾದಂಬರಿಯಲ್ಲಿ ಅವಳನ್ನು ಕೊಂದ.
ಮೇಲಿನ ಕಪಾಟಿನಲ್ಲಿ ಇದೆ ಇಂಗ್ಲಿಷು ಪ್ರತಿ, ಬೆನ್ನು ಹರಿದು.
ಹನ್ನೊಂದನೆಯ ಅಧ್ಯಾಯ, ಜಿನ್ನು, ಆರಿದ ಒಲೆಯ ಬದಿ,
ನಾಲ್ಕು ಪುಟ ಸಾಯುತ್ತಾಳೆ.
ನಿಂತೇ ಓದಿದೆ. ಕರುಳು ಹಿಂಡಿತು, ಅಲ್ಲವೆನ್ನಲಾರೆ.
ಅಪ್ಪ ಕುಡಿದಿದ್ದ, ಮಗಳು ಕುಡಿಯಲೇಬೇಕು,
ಲೆಕ್ಕ ತಾಳೆಯಾಗಬೇಕಲ್ಲ.

ಊರಿನ ಸಾವಿನ ದಾಖಲೆ ತೆಗೆದು ನೋಡಿದೆ.
ಲವ್ಡೇ ಟ್ರೆಂಬಾತ್. ಎಂಬತ್ತೆರಡು. ವೃತ್ತಿ: ಟೋಪಿ ಅಂಗಡಿ.
ಟೋಪಿ!
ಯಾವ ರಕ್ತ, ಯಾವ ಬೀದಿ
ಟೋಪಿಯತ್ತ ಬೆರಳು ತೋರಿಸಿತ್ತು?

ಐದಕ್ಕೆ ಬಾಗಿಲು ಹಾಕಿ, ಮಳಿಗೆಗಳ ಮುಂದೆ ನಡೆಯುತ್ತ
ಬಂಗಾರಪೇಟೆಗೆ ಫೋನು ಮಾಡಿದೆ.
ಚಿಕ್ಕಮ್ಮ, ತಾತನಿಗೆ ಏನು ಇಷ್ಟವಿತ್ತು?
'ಇಷ್ಟು ಹೊತ್ತಿನಲ್ಲಿ ಇದೇನು ಪ್ರಶ್ನೆಯೇ, ಮಲಗಿದ್ದೆ.'
ಆಮೇಲೆ ಬಹಳ ಹೊತ್ತು ಸುಮ್ಮನೆ. ಫ್ಯಾನಿನ ಸದ್ದು.
'ಬಿಲಿಯರ್ಡ್ಸು.
ದೊರೆಗಳ ಕ್ಲಬ್ಬಿನ ಕಿಟಕಿಗೆ ಹೊರಗಿನಿಂದ ಮೂಗು ಒತ್ತಿ ನೋಡುತ್ತಿದ್ದ.
ಮನೆಗೆ ಬಂದು, ಗೋಲಿ ಇಟ್ಟು, ಛತ್ರಿಯ ಕೋಲಿನಲ್ಲಿ
ನಮಗೆಲ್ಲ ಆಡಿ ತೋರಿಸುತ್ತಿದ್ದ.'
ಚೆನ್ನಾಗಿ ಆಡುತ್ತಿದ್ದನಾ?
'ಎಲ್ಲಿ? ಮೋಸ ಮಾಡಿ ಗೆಲ್ಲುತ್ತಿದ್ದ.'