ಪ್ರಶ್ನೆ ಹದಿನೇಳು

ಕಪನೂರಿನ ದಾಲ್ ಮಿಲ್ಲು, ರಾತ್ರಿಪಾಳಿ.
ತೂಕದ ಕಾಟಾದ ಮುಂದ ಕುಂತು
ಪೋರ್ಟ್ ನಂಬರು ಬಾಯಿಪಾಠ ಮಾಡ್ತೀನಿ:
ಇಪ್ಪತ್ತೆರಡು, ಅಗಳಿ ಹಾಕಿ ಆಡೋ ಮಾತು.
ಐವತ್ಮೂರು, ಹೆಸರು ಹೇಳಿದರ ಮನಿ ತೋರಸೋದು,
ನಮ್ಮ ಓಣಿಯ ಹುಸೇನಬಿ ಇದ್ದಂಗ.
ಎಂಬತ್ತು, ತೆರೆದ ಕಾಗದ.
ನಾನೂರ ನಲವತ್ಮೂರು,
ಅದೇ ಕಾಗದ, ಅರಗು ಒತ್ತಿದ್ದು.
ನಡುವ ಲಾರಿ ಬರ್ತದ, ನಂಬರು ಬರೀತೀನಿ.
ಯಾವುದು ಪೋರ್ಟು, ಯಾವುದು ಲಾರಿ,
ಎರಡು ಗಂಟೆ ಮ್ಯಾಲ ತಿಳಿಯೂದಿಲ್ಲ.

ಮಾದರಿ ಪರೀಕ್ಷೆ. ಪ್ರಶ್ನೆ ಹದಿನೇಳು:
ಕಂಪ್ಯೂಟರ್ ಚಾಲೂ ಆಗವಲ್ದು, ಮೊದಲ ಏನು ಮಾಡ್ತೀರಿ?
ನನಗ ಗೊತ್ತಿಲ್ಲೇನು!
ಡಬ್ಬಿ ಬಿಚ್ಚಿ ತೊಗರಿ ಹೊಟ್ಟು ಊದಬೇಕು,
ರ‍್ಯಾಮ್ ಕಿತ್ತು, ರಬ್ಬರಿನಿಂದ ತಿಕ್ಕಿ, ಒತ್ತಬೇಕು.
ಈ ಮಿಲ್ಲಿನ ಡಬ್ಬಿ ನೂರು ಸಲ ಎದ್ದದ್ದು ಹಂಗ.

ತಪ್ಪು, ಅಂತದ ಪುಸ್ತಕ.
ಮೊದಲ ಕೇಳಬೇಕಂತ, ಎದುರಿಗಿದ್ದವರನ್ನ:
ಏನಾತು, ಯಾವಾಗಿಂದ, ಏನು ಬದಲಾತು.

ನಸುಕಿಗೆ ಹಮಾಲ ಲಾಲಪ್ಪ
ಚೀಲಕ್ಕ ಬೆನ್ನು ಕೊಟ್ಟು ಕುಂತಾನ, ಏಳವೊಲ್ಲ.
ಮುಕಡ್ದಮ ಬೈಯಾಕ ಬಾಯಿ ತೆಗೆದ.
ನಾ ಅಡ್ಡ ಬಂದು ಕೇಳಿದೆ:
ಏನಾತು ಕಾಕಾ? ಯಾವಾಗಿಂದ?
ಅವ ಪುಸ್ತಕ ನೋಡಿದ, ನನ್ನ ನೋಡಿದ.
"ಚಾ ಬಂದಿಲ್ಲವ್ವಾ."

ಅಂಚಿಗೆ ಪೆನ್ಸಿಲಿನಲ್ಲಿ ಬರಕೊಂಡೆ:
ಕರೆಂಟು ಅದನೋ ಇಲ್ಲೋ, ನೋಡು.